ಬರುವವರ ಜಾಡು ಬಿಟ್ಟುಕೊಡಬೇಡಿ

ಮೂಡಿಗೆರೆಯಲ್ಲಿ, ಕಳಸದಲ್ಲಿ, ಚಿಕ್ಕಮಗಳೂರಿನ ಗಿರಿಶ್ರೇಣಿಯ ಸುತ್ತ ಹೋಮ್‌ಸ್ಟೇ ನಡೆಸುವ ಅಣ್ಣಂದಿರೆ, ಅಕ್ಕಂದಿರೆ, ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ನೇರವಾಗಿ ಗಿರಾಕಿಯ ಮನೆಗೆ ಕಳಿಸುವ ಬೆಳೆಗಾರರೆ, ಇವರಿಗೆಲ್ಲ ವೆಬ್‌ಸೈಟ್ ಕಟ್ಟಿಕೊಡುವ ತಮ್ಮಂದಿರೆ, ತಂಗಿಯರೆ, ನಿಮ್ಮನ್ನೊಂದು ಪ್ರಶ್ನೆ ಕೇಳಬೇಕಾಗಿದೆ. ನಿಮ್ಮ ವೆಬ್‌ಸೈಟಿಗೆ ಬಂದವರ ಸುದ್ದಿಯನ್ನು ನೀವು ಯಾರ್ಯಾರಿಗೆ ಹೇಳುತ್ತಿದ್ದೀರಿ?

"ಯಾರಿಗೂ ಇಲ್ಲ ಮಾರಾಯ್ರೆ" ಎನ್ನುತ್ತೀರಿ. ಬೇಕೆಂದು ಯಾರೂ ಹೇಳುತ್ತಿಲ್ಲ ಎಂಬುದು ನಿಜ. ಗೆಸ್ಟುಗಳ ರಿಜಿಸ್ಟರನ್ನು ನೀವು ಜೋಪಾನವಾಗಿ ಬೀರುವಿನಲ್ಲಿಡುತ್ತೀರಿ, ಪೊಲೀಸರು ಕೇಳಿದರೆ ತೋರಿಸುತ್ತೀರಿ, ವಿದೇಶಿಯರು ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಸಿ ಫಾರಂ ತುಂಬುತ್ತೀರಿ. ಆದರೆ ಆ ಗೆಸ್ಟು ನಿಮ್ಮ ಅಂಗಳಕ್ಕೆ ಕಾಲಿಡುವ ಎಷ್ಟೋ ದಿನ ಮೊದಲೇ ನಿಮ್ಮ ವೆಬ್‌ಸೈಟಿಗೆ ಬಂದುಹೋಗಿರುತ್ತಾರೆ. ಅಲ್ಲಿ ಇನ್ನೊಂದು ರಿಜಿಸ್ಟರಿದೆ. ಅದನ್ನು ಬರೆಯುವವರು ನೀವಲ್ಲ. ಅದು ನಿಮ್ಮ ಬೀರುವಿನಲ್ಲೂ ಇಲ್ಲ. ಸೈಟು ಕಟ್ಟಿದವರು "ಅನಲಿಟಿಕ್ಸ್ ಹಾಕಿದ್ದೇನೆ, ಎಷ್ಟು ಜನ ನೋಡಿದರು ಅಂತ ಗೊತ್ತಾಗುತ್ತೆ" ಎಂದ ದಿನ ಅದು ಶುರುವಾಯಿತು. ನೀವು ಆಯ್ತು ಎಂದಿರಿ. ಆ ಒಪ್ಪಿಗೆಯನ್ನು ಒಮ್ಮೆ ಹಿಂದಕ್ಕೆ ತೆಗೆದುಕೊಂಡು, ಏನಕ್ಕೆ ಒಪ್ಪಿದಿರೆಂದು ತಿಳಿದು, ಆಮೇಲೆ ಬೇಕಾದರೆ ಮತ್ತೆ ಕೊಡಿ ಎಂದು ಕೇಳುವುದಕ್ಕೇ ಈ ಬರಹ.

ಮೊದಲು ಆ ಅನಲಿಟಿಕ್ಸಿನ ಕೆಲಸ ನೋಡೋಣ. ಅದು ಸೈಟಿಗೆ ಬರುವುದು ಟ್ಯಾಗಿನ ರೂಪದಲ್ಲಿ. ಟ್ಯಾಗು ಎಂಬುದು ನಾಲ್ಕಾರು ಸಾಲಿನ ಪುಟ್ಟ ಕೋಡು. ಸೈಟು ಕಟ್ಟುವವರು ಅದನ್ನು ಗೂಗಲ್‌ನಿಂದಲೋ ಫೇಸ್‌ಬುಕ್ಕಿನ ಒಡೆಯ ಸಂಸ್ಥೆ ಮೆಟಾದಿಂದಲೋ ತಂದು ಪುಟದ ತಲೆಭಾಗದಲ್ಲಿ ಅಂಟಿಸುತ್ತಾರೆ. ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಪುಟ ತೆರೆದ ಕ್ಷಣ ಅದು ಆ ಕಂಪನಿಯ ಸರ್ವರಿನಿಂದ ಒಂದು ದೊಡ್ಡ ಪ್ರೋಗ್ರಾಮನ್ನು ತರಿಸಿ, ನೋಡುತ್ತಿರುವವರ ಫೋನಿನಲ್ಲೇ ಓಡಿಸುತ್ತದೆ. ಆ ಪ್ರೋಗ್ರಾಮು ಕಂಡದ್ದನ್ನೆಲ್ಲ ಕಂಪನಿಗೆ ಬರೆದು ಕಳಿಸುತ್ತದೆ. ಗಮನಿಸಿ: ಸುದ್ದಿ ಮೊದಲು ನಿಮಗೆ ಬಂದು, ನಿಮ್ಮಿಂದ ಅವರಿಗೆ ಹೋಗುವುದಲ್ಲ. ಮೊದಲು ಅವರಿಗೆ ಹೋಗುತ್ತದೆ. ಅವರು ಅದರಲ್ಲೊಂದಿಷ್ಟನ್ನು ಅಂದವಾದ ಗ್ರಾಫು ಮಾಡಿ ನಿಮಗೆ ತೋರಿಸುತ್ತಾರೆ.

ದಾವಣಗೆರೆಯಲ್ಲಿ ಕೂತ ಒಬ್ಬ ಹೆಣ್ಣುಮಗಳು ರಜೆಗೆ ಕಳಸದ ಕಡೆ ಹೋಗಬೇಕೆಂದಿದ್ದಾಳೆ ಎಂದುಕೊಳ್ಳಿ. ಇನ್‌ಸ್ಟಾಗ್ರಾಮಿನಲ್ಲಿ ನಿಮ್ಮ ಜಾಹೀರಾತು ಕಂಡು ಒತ್ತುತ್ತಾಳೆ. ಒತ್ತಿದ ಕೂಡಲೇ ನಿಮ್ಮ ಸೈಟಿನ ವಿಳಾಸದ ಬಾಲಕ್ಕೆ ಉದ್ದನೆಯದೊಂದು ಸಂಕೇತ ಅಂಟಿಕೊಳ್ಳುತ್ತದೆ; ಯಾವ ಜಾಹೀರಾತನ್ನು ಒತ್ತಿ ಬಂದವಳು ಎಂಬ ಗುರುತು ಅದು. ಪುಟ ತೆರೆಯುತ್ತದೆ. ಗೂಗಲ್ ಅನಲಿಟಿಕ್ಸಿನ ಟ್ಯಾಗು ಎದ್ದು, ಯಾವ ಪುಟ, ಎಲ್ಲಿಂದ ಬಂದಳು, ಯಾವ ಫೋನು, ಪರದೆ ಎಷ್ಟು ಅಗಲ, ಯಾವ ಭಾಷೆ ಎಂಬುದನ್ನೆಲ್ಲ ಕಳಿಸುತ್ತದೆ. ಐಪಿ ವಿಳಾಸದಿಂದ ಊರನ್ನು ಅಂದಾಜು ಮಾಡುತ್ತದೆ. ಅವಳ ಬ್ರೌಸರಿನಲ್ಲಿ ಒಂದು ಕುಕಿ ಇಡುತ್ತದೆ. ಅದರೊಳಗೊಂದು ಅಂಕಿ, ಆಯಸ್ಸು ಸಾಮಾನ್ಯವಾಗಿ ಎರಡು ವರ್ಷ. ಮುಂದಿನ ವಾರ ಅವಳು ಮತ್ತೆ ಬಂದರೆ ‘ಅವಳೇ ಇವಳು’ ಎಂದು ಹೇಳುವುದು ಆ ಅಂಕಿ. ಮೆಟಾದ ಟ್ಯಾಗಾದ ‘ಪಿಕ್ಸೆಲ್’ ಇದ್ದರೆ ಅದು ತನ್ನದೇ ಕುಕಿ ಇಡುತ್ತದೆ, ಅದರದು ಸುಮಾರು ಮೂರು ತಿಂಗಳು. ಪಿಕ್ಸೆಲ್ ಕಳಿಸಿದ ಸುದ್ದಿಯನ್ನು ಮೆಟಾ ತನ್ನಲ್ಲಿರುವ ಖಾತೆಗಳ ಜತೆ ಹೊಂದಿಸಿ ನೋಡುತ್ತದೆ. ಹೊಂದಿಕೆಯಾದರೆ ಅಂಕಿಗೆ ಹೆಸರು ಬರುತ್ತದೆ, ಮುಖ ಬರುತ್ತದೆ.

ಅವಳು ಕೆಳಗೆ ಸರಿಸುತ್ತಾಳೆ. ದಾರಿ ತೋರಿಸಲೆಂದು ಕೂರಿಸಿದ ಗೂಗಲ್ ನಕ್ಷೆ ತೆರೆದುಕೊಂಡಾಗ ಅದೂ ಗೂಗಲ್ಲನ್ನು ಮಾತಾಡಿಸುತ್ತದೆ. ಮಳೆಗಾಲದ ಭದ್ರೆಯನ್ನು ತೋರಿಸುವ ಯೂಟ್ಯೂಬ್ ವಿಡಿಯೋವೂ ಅಷ್ಟೆ. ಸೈಟಿನಲ್ಲಿ ಕ್ಲಾರಿಟಿ ಅಥವಾ ಹಾಟ್‌ಜಾರ್ ಥರದ ಉಪಕರಣ ಇದ್ದರೆ ಅವಳ ಬೆರಳು ಎಲ್ಲಿ ನಿಂತಿತು, ಎಲ್ಲಿ ಹಿಂಜರಿಯಿತು ಎಂಬುದರ ರೆಕಾರ್ಡಿಂಗ್ ಆಗುತ್ತದೆ. ಕೊನೆಗೆ ವಿಚಾರಣೆಯ ಫಾರಂ. ಹೆಸರು, ಫೋನ್ ನಂಬರು, ಎಷ್ಟು ಜನ, ಯಾವ ತಾರೀಕು, ಎಷ್ಟು ಕೋಣೆ. ಕಳಿಸಿ ಎಂದು ಒತ್ತಿದರೆ ‘ಧನ್ಯವಾದ’ ಎಂಬ ಪುಟ. ಅಡ್ಡಾದಿಡ್ಡಿ ಕಟ್ಟಿದ ಸೈಟುಗಳಲ್ಲಿ ಆ ಪುಟದ ವಿಳಾಸದಲ್ಲೇ ಅವಳ ಹೆಸರು, ನಂಬರು ಬಿಚ್ಚಿದ ಅಕ್ಷರದಲ್ಲಿ ಬಂದು ಕೂತಿರುತ್ತವೆ. ಪುಟದ ಮೇಲಿರುವ ಪ್ರತಿ ಟ್ಯಾಗೂ ಆ ವಿಳಾಸವನ್ನು ಹಾಗೇ ಎತ್ತಿ ತನ್ನ ಒಡೆಯನಿಗೆ ಮುಟ್ಟಿಸುತ್ತದೆ. ವ್ಯಕ್ತಿಯ ಗುರುತು ಹತ್ತುವಂಥದ್ದನ್ನು ಅನಲಿಟಿಕ್ಸಿಗೆ ಕಳಿಸಲೇಬಾರದು ಎಂದು ಗೂಗಲ್‌ನ ನಿಯಮಗಳೇ ಹೇಳುತ್ತವೆ. ನಿಯಮ ಓದಿದವರು ಯಾರು?

ಮನೆಗೆ ಬಂದವರು ಮುಖ ತೊಳೆಯಲು ಹೋದಾಗ ಅವರ ಚೀಲ ತಡಕಿ, ಸಿಕ್ಕಿದ್ದನ್ನು ಪಟ್ಟಿ ಮಾಡಿ, ಊರಾಚೆಯ ಶೆಟ್ಟರ ಅಂಗಡಿಗೆ ಕಳಿಸುವ ಮನೆ ಮಲೆನಾಡಿನಲ್ಲಿ ಒಂದಾದರೂ ಇದೆಯೆ? ಇಲ್ಲ. ಕೇಳಿದರೇ ನಿಮಗೆ ಸಿಟ್ಟು ಬರುತ್ತದೆ. ಬರಬೇಕು. ಆ ಸಿಟ್ಟನ್ನು ನಿಮ್ಮ ವೆಬ್‌ಸೈಟಿನ ಕಡೆಗೂ ತಿರುಗಿಸಿ ಎಂಬುದಷ್ಟೇ ನನ್ನ ಬೇಡಿಕೆ.

ಈ ಮಾತಿಗೆ ಬರುವ ಉತ್ತರಗಳು ಗೊತ್ತಿವೆ. ‘ಹೆಸರು ಹೋಗುವುದಿಲ್ಲವಂತೆ, ಬರೀ ಅಂಕಿಯಂತೆ’ ಎಂಬುದು ಮೊದಲನೆಯದು. ಎಲ್ಲ ಕಡೆಯೂ ಒಂದೇ ಅಂಕಿ ಒಬ್ಬರನ್ನೇ ಹಿಂಬಾಲಿಸುತ್ತಿದ್ದರೆ ಅದು ಹೆಸರಿಗಿಂತ ಗಟ್ಟಿ ಗುರುತು. ಊರಿನಲ್ಲಿ ಒಂದೇ ಹೆಸರಿನವರು ಹತ್ತು ಜನ ಇರಬಹುದು, ಒಂದೇ ಅಂಕಿಯವರು ಇರುವುದಿಲ್ಲ. ಇನ್ನು ಮೆಟಾದ ಪಿಕ್ಸೆಲ್ಲಿನಲ್ಲಿ ‘ಅಡ್ವಾನ್ಸ್‌ಡ್ ಮ್ಯಾಚಿಂಗ್’ ಎಂಬ ಸೌಲಭ್ಯ ಚಾಲೂ ಆಗಿದ್ದರೆ ಫಾರಂನಲ್ಲಿ ಬರೆದ ಫೋನ್ ನಂಬರು, ಇಮೇಲುಗಳನ್ನು ಗಣಿತದ ಒಂದು ಸೂತ್ರದಲ್ಲಿ ಕಲಸಿ ಕಳಿಸುತ್ತಾರೆ. ಕಲಸಿದ ಮೇಲೆ ಯಾರಿಗೂ ತಿಳಿಯದು ಎಂದು ಸಮಾಧಾನ ಹೇಳುತ್ತಾರೆ. ಆದರೆ ನಮ್ಮ ಮೊಬೈಲ್ ನಂಬರು ಹತ್ತೇ ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಒಟ್ಟು ನಾನೂರು ಕೋಟಿ ಸಾಧ್ಯತೆ. ನಮಗೆ ಅದು ಕಣ್ಣು ಕತ್ತಲೆ ಬರುವ ಸಂಖ್ಯೆ. ಕಂಪ್ಯೂಟರಿಗೆ ಅಷ್ಟನ್ನೂ ಕಲಸಿ ತಾಳೆ ನೋಡುವುದು ದೊಡ್ಡ ಕೆಲಸವೇ ಅಲ್ಲ. ಅದಕ್ಕೂ ಮಿಗಿಲಾಗಿ, ಕಲಸುವ ಉದ್ದೇಶವೇ ಆಚೆ ಕಡೆ ಇರುವ ಪಟ್ಟಿಯ ಜತೆ ಹೊಂದಿಸುವುದು. ಹೊಂದಿಸಲಿಕ್ಕೆಂದೇ ಕಳಿಸಿದ್ದನ್ನು ಗುಟ್ಟು ಎನ್ನುವುದು ಹೇಗೆ?

ಎರಡನೆಯ ಉತ್ತರ: ‘ರಜೆಗೆ ಬರುವವರ ಸುದ್ದಿಯಲ್ಲಿ ಅಂಥ ಗುಟ್ಟೇನಿದೆ?’ ಇದಕ್ಕೆ ಉತ್ತರ ನಮ್ಮ ಘಟ್ಟದ ಕೆಳಗೇ ಇದೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ದಾಳಿ ಮಾಡಿತು. ದೇಶವೆಲ್ಲ ಟೀವಿಯಲ್ಲಿ ನೋಡಿತು. ಅಲ್ಲಿ ಟ್ಯಾಗಿನ ಪಾತ್ರ ಏನೂ ಇರಲಿಲ್ಲ. ಆದರೆ ಯಾರು, ಯಾರ ಜತೆ, ಯಾವ ಮನೆಯಲ್ಲಿ ತಂಗಿದ್ದಾರೆ ಎಂಬ ಸುದ್ದಿಗೆ ನಮ್ಮ ನಾಡಿನಲ್ಲಿ ಎಂಥ ತೂಕವಿದೆ ಎಂಬುದನ್ನು ಆ ಸಂಜೆ ತೋರಿಸಿತು. ಒಬ್ಬಳೇ ಬರುವ ಹೆಣ್ಣುಮಗಳು, ಮನೆಯವರಿಗೆ ಹೇಳದೆ ಬರುವ ಜೋಡಿ, ಗಾಲಿಕುರ್ಚಿ ಹತ್ತುತ್ತದೆಯೇ ಎಂದು ಕೇಳುವ ಹಿರಿಯರು: ಇವರೆಲ್ಲ ನಿಮ್ಮನ್ನು ನಂಬಿ ಫಾರಂ ತುಂಬುತ್ತಾರೆ. ಬುಕ್ ಮಾಡಿದ ಮರುಗಳಿಗೆಯಿಂದ ಮನೆಯವರೆಲ್ಲ ಹಂಚಿಕೊಂಡು ನೋಡುವ ಕಂಪ್ಯೂಟರಿನಲ್ಲಿ ಹೋಮ್‌ಸ್ಟೇ ಜಾಹೀರಾತು ಕುಣಿಯತೊಡಗಿದರೆ ಆ ಜೋಡಿಯ ಗತಿಯೇನು ಎಂದು ಯೋಚಿಸಿದ್ದೀರಾ? ಹಾಗೆ ಕುಣಿಸುವುದು ನಿಮ್ಮ ಪುಟದ ಮೇಲಿರುವ ಟ್ಯಾಗು. ಅದಕ್ಕೆ ‘ರೀಟಾರ್ಗೆಟಿಂಗ್’ ಎಂಬ ಹೆಸರಿಟ್ಟು ನಿಮಗೆ ಮಾರಿದ್ದಾರೆ.

ಮೂರನೆಯದು ಬಹಳ ಬಳಕೆಯ ಮಾತು: ‘ಎಲ್ಲರೂ ಹಾಕಿಕೊಂಡಿದ್ದಾರೆ, ದೊಡ್ಡದೊಡ್ಡವರೇ ಹಾಕಿಕೊಂಡಿದ್ದಾರೆ.’ ಹೌದು, ಹಾಕಿಕೊಂಡಿದ್ದರು. 2022ರ ಜೂನ್‌ನಲ್ಲಿ ಅಮೆರಿಕದ ‘ದಿ ಮಾರ್ಕಪ್’ ಎಂಬ ಸುದ್ದಿಸಂಸ್ಥೆ ಅಲ್ಲಿನ ಹೆಸರಾಂತ ನೂರು ಆಸ್ಪತ್ರೆಗಳ ವೆಬ್‌ಸೈಟುಗಳನ್ನು ಪರೀಕ್ಷಿಸಿತು. 33ರಲ್ಲಿ ಮೆಟಾ ಪಿಕ್ಸೆಲ್ ಇತ್ತು. ರೋಗಿ ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಲು ಗುಂಡಿ ಒತ್ತಿದರೆ ಸುದ್ದಿ ಫೇಸ್‌ಬುಕ್ಕಿಗೆ ಹೋಗುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅಡ್ವೊಕೇಟ್ ಅರೋರಾ ಎಂಬ ಆಸ್ಪತ್ರೆ ಸಮೂಹ ಸುಮಾರು ಮೂವತ್ತು ಲಕ್ಷ ರೋಗಿಗಳಿಗೆ, ನಿಮ್ಮ ಮಾಹಿತಿ ಟ್ಯಾಗುಗಳ ಮೂಲಕ ಹೊರಗೆ ಹೋಗಿರಬಹುದು ಎಂದು ತಿಳಿಸಬೇಕಾಯಿತು. 2023ರ ಫೆಬ್ರುವರಿಯಲ್ಲಿ ಔಷಧಿ ರಿಯಾಯಿತಿಯ ಗುಡ್‌ಆರ್‌ಎಕ್ಸ್ ಎಂಬ ಕಂಪನಿಗೆ ಅಲ್ಲಿನ ಸರ್ಕಾರಿ ಆಯೋಗ ಹದಿನೈದು ಲಕ್ಷ ಡಾಲರ್ ದಂಡ ಹೇರಿತು; ಗಿರಾಕಿಗಳ ಕಾಯಿಲೆ ಔಷಧಿಗಳ ಸುದ್ದಿ ಜಾಹೀರಾತು ಕಂಪನಿಗಳಿಗೆ ಹೋಗಿತ್ತು. ಅಷ್ಟು ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ಗುಟ್ಟನ್ನು ಮಾರೋಣ ಎಂದು ಸಂಚು ಹೂಡಿದವರು ಇರಲಿಕ್ಕಿಲ್ಲ. ಯಾರೋ ಅಂಟಿಸಿದರು, ಉಳಿದವರು ಕೇಳಲಿಲ್ಲ. ನಿಮ್ಮಲ್ಲಿ ಆಗಿರುವುದೂ ಅದೇ.

ನಾವು ಕಾಫಿಯವರು ಇದನ್ನು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳಬೇಕು. ಪೂಲ್ ಕಾಲವನ್ನು ನೋಡಿದ ಹಿರಿಯರು ಇನ್ನೂ ಮನೆಮನೆಯಲ್ಲಿದ್ದಾರೆ, ಕೇಳಿ ನೋಡಿ. 1942ರ ಕಾಫಿ ಕಾಯ್ದೆಯಡಿ ಬೆಳೆದದ್ದನ್ನೆಲ್ಲ, ಮನೆಬಳಕೆಗೆ ಬೀಜಕ್ಕೆ ಒಂದಿಷ್ಟು ಬಿಟ್ಟು, ಕಾಫಿ ಮಂಡಳಿಯ ಪೂಲಿಗೆ ಹಾಕಬೇಕಿತ್ತು. ಆಮೇಲೆ ಅದನ್ನು ಯಾರಿಗೆ ಮಾರಿದರು, ಎಷ್ಟಕ್ಕೆ ಮಾರಿದರು ಎಂಬುದು ಬೆಳೆಗಾರನ ಕೈಯಲ್ಲಿ ಇರಲಿಲ್ಲ. ಪಾಯಿಂಟು ಲೆಕ್ಕ ಹಾಕಿ ಕಂತುಕಂತಾಗಿ ಬಂದದ್ದೇ ಹಣ. ತನ್ನ ಬೆಳೆಯನ್ನು ತಾನೇ ಮಾರುವ ಹಕ್ಕಿಗಾಗಿ ಬೆಳೆಗಾರರು ವರ್ಷಗಟ್ಟಲೆ ಹೋರಾಡಿದರು. 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅದೇ 1996ರಲ್ಲಿ ಈ ಜಿಲ್ಲೆಯವರೇ ಆದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಅದು ಕಾಫಿಯ ಜತೆ ಇಂಟರ್ನೆಟ್ ಕೊಡುವ ಸೈಬರ್ ಕೆಫೆ ಆಗಿತ್ತು. ಬೆಳೆಗಾರನ ಕಾಫಿ ಪೂಲಿನಿಂದ ಹೊರಗೆ ಬಂದದ್ದೂ ಕಾಫಿನಾಡು ಇಂಟರ್ನೆಟ್ಟಿಗೆ ಕೈ ಹಾಕಿದ್ದೂ ಒಂದೇ ಹೊತ್ತಿನಲ್ಲಿ. ಈಗ ನೋಡಿ, ನಮ್ಮ ಗೆಸ್ಟುಗಳ ಜಾಡನ್ನು ನಾವಾಗಿಯೇ ಹೊತ್ತೊಯ್ದು ಇನ್ನೊಂದು ಪೂಲಿಗೆ ಸುರಿಯುತ್ತಿದ್ದೇವೆ. ಆ ಪೂಲಿನಲ್ಲಿ ಕಂತೂ ಇಲ್ಲ, ಪಾಯಿಂಟೂ ಇಲ್ಲ. ನಮ್ಮ ಗೆಸ್ಟಿನ ಜಾಡನ್ನು ಇಟ್ಟುಕೊಂಡೇ ಪಕ್ಕದ ರೆಸಾರ್ಟಿನ ಜಾಹೀರಾತನ್ನು ಅವರಿಗೆ ತೋರಿಸುವ ಸ್ವಾತಂತ್ರ್ಯ ಪೂಲಿನ ಒಡೆಯರಿಗಿದೆ. ಅದರ ಎದುರು ನಿಲ್ಲಬೇಕಾದರೆ ನಾವೂ ಇನ್ನಷ್ಟು ದುಡ್ಡು ಕೊಟ್ಟು ಜಾಹೀರಾತು ಹಾಕಬೇಕು.

ಇನ್ನೊಂದು ಸಂಗತಿ ತೀರ ಈಚಿನದು. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಒಳಗೆ ಬಿಡುವುದಿಲ್ಲ ಎಂದು ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿ ಮುಂದಕ್ಕೆ ಹೋಗುತ್ತಿದೆ, ಆದರೆ ಅದರ ತಿರುಳು ಎಲ್ಲ ಬೆಳೆಗಾರರಿಗೂ ಗೊತ್ತು: ನಿಮ್ಮ ತೋಟದ ಅಕ್ಷಾಂಶ ರೇಖಾಂಶ ಕೊಡಿ. ಕೂಡಲೇ ನಾವು ಕೇಳುವ ಪ್ರಶ್ನೆಗಳು ಯಾವುವು? ಯಾರಿಗೆ ಕೊಡಬೇಕು, ಏತಕ್ಕೆ, ಎಲ್ಲಿ ಇಡುತ್ತೀರಿ, ನಾಳೆ ಬೇರೆ ಯಾವುದಕ್ಕೆ ಬಳಸುತ್ತೀರಿ? ನ್ಯಾಯವಾದ ಪ್ರಶ್ನೆಗಳು. ತೋಟದ ಎಲ್ಲೆಯ ಬಗ್ಗೆ ಇಷ್ಟು ಕೇಳುವ ನಾವು ನಮ್ಮಲ್ಲಿಗೆ ಬರುವವರ ಊರು, ಫೋನು, ಆಸಕ್ತಿಯನ್ನು ಒಂದು ಮಾತೂ ಕೇಳದೆ ಕಳಿಸುತ್ತಿದ್ದೇವೆ. ನಮ್ಮ ಎಲ್ಲೆ ಮಾತ್ರ ಎಲ್ಲೆಯೆ?

ಈ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ತೀರ್ಪಿಗೆ ಇರುವ ಹೆಸರು ಒಬ್ಬ ಕನ್ನಡಿಗರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಕೋರ್ಟಿನ ಮೆಟ್ಟಿಲು ಹತ್ತಿದವರು. ಪೀಠದಲ್ಲಿದ್ದ ಒಂಬತ್ತು ಮಂದಿಯಲ್ಲಿ ಕರ್ನಾಟಕದ ಎಸ್. ಅಬ್ದುಲ್ ನಜೀರ್ ಕೂಡ ಇದ್ದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮೊಮ್ಮಕ್ಕಳನ್ನು ಆಡಿಸುತ್ತ ಕಾಲ ಕಳೆಯಬಹುದಾಗಿದ್ದ ವಯಸ್ಸಿನಲ್ಲಿ ಒಬ್ಬರು ಇಡೀ ದೇಶದ ಪರವಾಗಿ ಕೇಳಿದ ಪ್ರಶ್ನೆಯನ್ನು, ಆರು ಕೋಣೆಯ ನಮ್ಮ ಹೋಮ್‌ಸ್ಟೇ ಮಟ್ಟಿಗಾದರೂ ನಾವು ಕೇಳಿಕೊಳ್ಳಲಾರೆವೆ?

ಆ ತೀರ್ಪಿನ ಬೆನ್ನಿಗೆ ಕಾನೂನೂ ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯ ಕಟ್ಟುಪಾಡುಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ಒಪ್ಪಿಗೆ ಎಂದರೆ ಸ್ವಂತ ಇಚ್ಛೆಯಿಂದ, ವಿಷಯ ತಿಳಿದು, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು ಎನ್ನುತ್ತದೆ ಕಾಯ್ದೆ. ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಿರಬೇಕು. ಕೆಲವು ವಿನಾಯಿತಿ ಬಿಟ್ಟರೆ, ಹದಿನೆಂಟು ವರ್ಷದೊಳಗಿನ ಮಕ್ಕಳ ಜಾಡು ಹಿಡಿಯುವಂತಿಲ್ಲ, ಅವರನ್ನು ಗುರಿಮಾಡಿ ಜಾಹೀರಾತು ತೋರಿಸುವಂತಿಲ್ಲ. ದತ್ತಾಂಶ ಕಾಪಾಡಲು ತಕ್ಕ ಎಚ್ಚರ ವಹಿಸದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಕಾಯ್ದೆಯ ಇನ್ನೊಂದು ಅಂಶವನ್ನು ಕನ್ನಡಿಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನು ಜನರಿಗೆ ಕೊಡಬೇಕು. ಆ ಭಾಷೆಗಳಲ್ಲಿ ಕನ್ನಡವಿದೆ. ಕಂಪ್ಯೂಟರಿನಲ್ಲಿ ಕನ್ನಡ ಉಳಿಯದಿದ್ದರೆ ಕನ್ನಡವೇ ಉಳಿಯದು ಎಂದು ಮೂಡಿಗೆರೆಯಲ್ಲೇ ಕೂತು ತಂತ್ರಾಂಶಕ್ಕಾಗಿ ಹಠ ಹಿಡಿದ ಪೂರ್ಣಚಂದ್ರ ತೇಜಸ್ವಿಯವರ ನೆಲದ ಹೋಮ್‌ಸ್ಟೇ ಸೈಟಿನಲ್ಲಿ, ಒಪ್ಪಿಗೆಯ ಪೆಟ್ಟಿಗೆ ಮಾತ್ರ ಇಂಗ್ಲಿಷಿನಲ್ಲಿ ಮೂಲೆಯಲ್ಲಿ ಕೂತಿರುವುದು ನಾಚಿಕೆಯಲ್ಲವೆ?

ಆದರೆ ದಂಡದ ಹೆದರಿಕೆಗೆ ಇದನ್ನು ಮಾಡಬೇಡಿ. ಹೆದರಿ ಮಾಡಿದ್ದು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು: ‘ಸರಿ’ ಎಂಬ ಗುಂಡಿ ದೊಡ್ಡದಾಗಿ ಹಸಿರು ಬಣ್ಣದಲ್ಲಿ, ‘ಬೇಡ’ ಎಂಬುದು ಎಲ್ಲೋ ಒಳಗೆ ನಾಲ್ಕು ಪುಟದಾಚೆ, ಗುಂಡಿ ಒತ್ತುವ ಮೊದಲೇ ಟ್ಯಾಗು ಓಡಿ ಕೆಲಸ ಮುಗಿಸಿರುತ್ತದೆ. ಆ ಪೆಟ್ಟಿಗೆ ಇದ್ದರೆಷ್ಟು, ಬಿಟ್ಟರೆಷ್ಟು. ಮನಸ್ಸಿನಿಂದ ಮಾಡುವವರು ಮಾಡಬೇಕಾದ್ದು ಬೇರೆ, ಮತ್ತು ಅದು ಕಷ್ಟವಲ್ಲ.

ಇವತ್ತೇ ಲ್ಯಾಪ್‌ಟಾಪಿನಲ್ಲಿ ನಿಮ್ಮ ಸೈಟು ತೆರೆದು ಎಫ್ 12 ಕೀಲಿ ಒತ್ತಿ, ‘ನೆಟ್‌ವರ್ಕ್’ ಎಂಬ ಭಾಗಕ್ಕೆ ಹೋಗಿ, ಪುಟವನ್ನು ಮತ್ತೆ ಲೋಡ್ ಮಾಡಿ. ನಿಮ್ಮ ಪುಟ ಯಾರ್ಯಾರನ್ನು ಮಾತಾಡಿಸುತ್ತಿದೆ ಎಂಬ ಪಟ್ಟಿ ಕಣ್ಣೆದುರೇ ಇಳಿಯುತ್ತದೆ. ಟ್ಯಾಗ್ ಮ್ಯಾನೇಜರ್, ಅನಲಿಟಿಕ್ಸ್, ಡಬಲ್‌ಕ್ಲಿಕ್, ಫೇಸ್‌ಬುಕ್, ಕ್ಲಾರಿಟಿ: ಒಂದೊಂದು ಹೆಸರಿಗೂ ಒಂದೊಂದು ಸಾಲು ಬರೆದುಕೊಳ್ಳಿ. ಇದನ್ನು ಹಾಕಿದವರು ಯಾರು? ಇದು ನನ್ನ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ? ಆ ಉತ್ತರವನ್ನು ಕಳೆದ ಮಳೆಗಾಲದಿಂದ ಈಚೆಗೆ ನಾನು ಒಮ್ಮೆಯಾದರೂ ತೆರೆದು ನೋಡಿದ್ದೇನೆಯೆ? ಮೂರಕ್ಕೂ ಉತ್ತರವಿಲ್ಲದ ಟ್ಯಾಗನ್ನು ಆವತ್ತೇ ಕಿತ್ತು ಬಿಸಾಡಿ. ಪಟ್ಟಿಯಲ್ಲಿ ‘ಯುಎ’ ಎಂದು ಶುರುವಾಗುವ ಹಳೆಯ ಗೂಗಲ್ ಗುರುತು ಸಿಕ್ಕಿದರೆ ತಿಳಿದುಕೊಳ್ಳಿ, ಆ ವ್ಯವಸ್ಥೆಯನ್ನು ಗೂಗಲ್ 2023ರ ಜುಲೈ 1ರಂದೇ ನಿಲ್ಲಿಸಿದೆ. ಅಂದಿನಿಂದ ನಿಮ್ಮ ಸೈಟಿನ ಒಳಗನ್ನು ಯಾರೂ ಇಣುಕಿ ನೋಡಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಗೂಗಲ್‌ನ ಟ್ಯಾಗ್ ಮ್ಯಾನೇಜರ್ ಇದ್ದರೆ ಇನ್ನೂ ಎಚ್ಚರ ಬೇಕು. 2012ರಲ್ಲಿ ಬಂದ ಈ ಸಾಧನದ ಗುಣವೇ ಅದು: ಅದನ್ನೊಮ್ಮೆ ಅಂಟಿಸಿದರೆ ಆಮೇಲೆ ಸೈಟನ್ನು ಮುಟ್ಟದೆಯೇ ಎಲ್ಲೋ ಕೂತು ಬೇಕಾದ ಹೊಸ ಟ್ಯಾಗುಗಳನ್ನು ಒಳಗೆ ಬಿಡಬಹುದು. ಹಾಗಾದರೆ ಅದರ ಕೀಲಿ ಯಾರ ಹತ್ತಿರವಿದೆ? ಎಷ್ಟೋ ಕಡೆ ಆ ಖಾತೆ ಇರುವುದು ಡಿಜಿಟಲ್ ಮಾರ್ಕೆಟಿಂಗ್ ಮಾಡಿಕೊಡುತ್ತೇನೆಂದು ಬಂದು, ದುಡ್ಡು ತೆಗೆದುಕೊಂಡು, ಈಗ ಫೋನೂ ಎತ್ತದ ಯಾರದೋ ಜಿಮೇಲಿನಲ್ಲಿ. ಮೊದಲು ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಕೊಡದಿದ್ದರೆ ಆ ಕೋಡನ್ನೇ ತೆಗೆದುಹಾಕಿ.

ಅನಲಿಟಿಕ್ಸ್ ಬೇಕೇ ಬೇಕು ಎನ್ನುವವರು ಅದರ ಸೆಟ್ಟಿಂಗುಗಳ ಒಳಗೆ ಹೋಗಿ. ಗೂಗಲ್ ಸಿಗ್ನಲ್ಸ್ ಆರಿಸಿ. ಜಾಹೀರಾತಿಗೆ ಹೊಂದಿಸುವ ಅನುಮತಿ ಆರಿಸಿ. ದತ್ತಾಂಶ ಇಟ್ಟುಕೊಳ್ಳುವ ಅವಧಿಯನ್ನು ಹದಿನಾಲ್ಕು ತಿಂಗಳು ಮಾಡಲು ಹೋಗದೆ ಎರಡು ತಿಂಗಳಿಗೇ ನಿಲ್ಲಿಸಿ. ನೋಡುವವರು ‘ಸರಿ’ ಎನ್ನುವ ತನಕ ಏನೂ ಓಡದಂತೆ ‘ಬೇಸಿಕ್’ ಕನ್ಸೆಂಟ್ ಮೋಡ್ ಇಟ್ಟು, ಎಲ್ಲವನ್ನೂ ಮೊದಲಿಗೆ ‘ಇಲ್ಲ’ ಎಂದೇ ಹೊಂದಿಸಿ. ಧನ್ಯವಾದದ ಪುಟದ ವಿಳಾಸದಲ್ಲಿ ಹೆಸರು ನಂಬರು ಬರದಂತೆ ಫಾರಂ ಸರಿಮಾಡಿಸಿ. ನಕ್ಷೆಯ ಜಾಗದಲ್ಲಿ ಒಂದು ಚಿತ್ರ ಇಟ್ಟು, ಒತ್ತಿದರೆ ಮಾತ್ರ ಗೂಗಲ್ ನಕ್ಷೆ ತೆರೆಯುವಂತೆ ಮಾಡಿ. ಸಂಸೆಯಲ್ಲಿ, ಕುದುರೆಮುಖದ ಬುಡದಲ್ಲಿ ಒಂದೇ ಕಡ್ಡಿ ನೆಟ್‌ವರ್ಕ್ ಹಿಡಿದು ದಾರಿ ಹುಡುಕುವವರಿಗೆ ಇದು ಎಷ್ಟು ಉಪಕಾರ ಎಂದು ಯೋಚಿಸಿ. ಈ ಟ್ಯಾಗುಗಳೆಲ್ಲ ಸೇರಿ ನಿಮ್ಮ ಪುಟದ ಮೇಲೆ ಹೇರುವ ಭಾರ ನೂರಾರು ಕಿಲೋಬೈಟು, ಅದಕ್ಕೆ ಡೇಟಾ ಖರ್ಚು ಮಾಡುವವರು ಅವರೇ.

ಅನಲಿಟಿಕ್ಸ್ ಬೇಕು, ಆದರೆ ಬೇರೆಯವರ ಪೂಲು ಬೇಡ ಎನ್ನುವವರಿಗೂ ದಾರಿಯಿದೆ. 2007ರಲ್ಲಿ ಪಿವಿಕ್ ಎಂಬ ಹೆಸರಿನಲ್ಲಿ ಶುರುವಾದ ಮಟೋಮೊ ಎಂಬ ತಂತ್ರಾಂಶವನ್ನು ನಿಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಲೆಕ್ಕ ನಿಮ್ಮಲ್ಲೇ ಉಳಿಯುತ್ತದೆ. ಕುಕಿಯೇ ಇಲ್ಲದೆ ಎಣಿಸುವ ಪ್ಲಾಸಿಬಲ್ ಥರದವೂ ಇವೆ. ಎಷ್ಟು ಜನ ಬಂದರು, ಯಾವ ಪುಟ ನೋಡಿದರು ಎಂಬ ಅಂದಾಜನ್ನು ಸರ್ವರಿನ ಲಾಗ್ ಕೂಡ ಕೊಡುತ್ತದೆ. ನಿಜ ಹೇಳಬೇಕೆಂದರೆ ಆರು ಕೋಣೆಯ ಮನೆಗೆ ಇಷ್ಟೂ ಬೇಡ. ಬೆಳಿಗ್ಗೆ ಕಡುಬು ಬಡಿಸುವಾಗ "ನಮ್ಮ ಮನೆ ನಿಮಗೆ ಹ್ಯಾಗೆ ಗೊತ್ತಾಯ್ತು?" ಎಂದು ಕೇಳಿ. ಅವರು ಮುಖ ನೋಡಿ ಹೇಳುತ್ತಾರೆ, ಮನಸ್ಸಿದ್ದಷ್ಟು ಹೇಳುತ್ತಾರೆ, ಬೇಡವೆನಿಸಿದ್ದನ್ನು ಬಿಡುತ್ತಾರೆ. ಯಾವ ಗ್ರಾಫೂ ಕೊಡದ ಉತ್ತರ ಅಲ್ಲಿ ಸಿಗುತ್ತದೆ.

ಸೈಟು ಕಟ್ಟುವ ತಮ್ಮಂದಿರೆ, ತಂಗಿಯರೆ, ಈಗ ನಿಮ್ಮೊಡನೆ ಒಂದು ಮಾತು. ಬೆಂಗಳೂರಿನ ಕೆಲಸವನ್ನು ತೋಟದ ಮನೆಯಿಂದಲೇ ಮಾಡುವವರು ನಿಮ್ಮಲ್ಲಿ ಎಷ್ಟೋ ಜನ. ಈ ಊರಿನ ಹಿರಿಯರು ನಿಮ್ಮನ್ನು ನಂಬಿ ‘ನೀನು ಹೇಳಿದ ಹಾಗೆ’ ಎನ್ನುತ್ತಾರೆ. ಆ ನಂಬಿಕೆ ನಿಮ್ಮ ಹೆಗಲ ಮೇಲಿದೆ. ಟೆಂಪ್ಲೇಟಿನ ಜತೆ ಬಂತು, ಪ್ಲಗಿನ್ ಹಾಕಿತು, ಎಲ್ಲ ಸೈಟಿನಲ್ಲೂ ಇರುತ್ತೆ ಎಂದು ಜಾರಿಕೊಳ್ಳಬೇಡಿ. ಹಾಕಿದ ಪ್ರತಿ ಟ್ಯಾಗಿನ ಹೆಸರು, ಅದು ಏನು ತೆಗೆದುಕೊಳ್ಳುತ್ತದೆ, ಯಾರಿಗೆ ಕೊಡುತ್ತದೆ, ತೆಗೆಯುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಬರೆಯಲಾಗದಿದ್ದರೆ ಹಾಕಬೇಡಿ. ಶಾಲೆ, ನರ್ಸಿಂಗ್ ಹೋಮ್, ಸಹಕಾರ ಸಂಘಗಳ ಸೈಟು ಕಟ್ಟುವಾಗಲಂತೂ ಪಿಕ್ಸೆಲ್ಲಿನ ಮಾತೇ ಬೇಡ. ಮಕ್ಕಳ ಪ್ರವೇಶದ ಪುಟದಲ್ಲಿ, ಹೆರಿಗೆ ವಿಭಾಗದ ಪುಟದಲ್ಲಿ, ಸಾಲದ ಅರ್ಜಿಯ ಪುಟದಲ್ಲಿ ಜಾಹೀರಾತು ಕಂಪನಿಗೆ ಏನು ಕೆಲಸ? ಹಾಕು ಎಂದು ಒತ್ತಾಯ ಬಂದರೆ ಆಗುವುದಿಲ್ಲ ಎನ್ನಿ. ಒಬ್ಬ ಗಿರಾಕಿ ಹೋದರೆ ಹೋಗಲಿ.

ಹೋಮ್‌ಸ್ಟೇ ಸಂಘದವರೆ, ಬೆಳೆಗಾರರ ಸಂಘದವರೆ, ನಿಮ್ಮ ಸಭೆಗಳಲ್ಲಿ ಕಾಡಾನೆ, ಕಾರ್ಮಿಕರ ಕೊರತೆ, ಬೆಲೆ, ತೆರಿಗೆ ಎಲ್ಲ ಚರ್ಚೆಯಾಗುತ್ತವೆ. ಇದನ್ನೂ ಒಂದು ವಿಷಯವಾಗಿ ಎತ್ತಿಕೊಳ್ಳಿ. ಜೂನ್‌ನಿಂದ ಚಾರ್ಮಾಡಿಯಲ್ಲಿ ಮಂಜು ಕಟ್ಟಿ, ಬುಕ್ಕಿಂಗ್ ಇಳಿದು, ಕೋಣೆಗಳು ಖಾಲಿ ಬೀಳುವ ದಿನಗಳಿವೆಯಲ್ಲ, ಆಗ ಒಂದು ಮಧ್ಯಾಹ್ನ ಎಲ್ಲರೂ ಲ್ಯಾಪ್‌ಟಾಪು ಹಿಡಿದು ಕೂತು ಒಬ್ಬರ ಸೈಟನ್ನು ಇನ್ನೊಬ್ಬರು ನೋಡಿ. ಸಂಘದ ಹೆಸರಿನಲ್ಲಿ ಒಂದೇ ಕನ್ನಡ ತಿಳಿವಳಿಕೆ ಪತ್ರ ಬರೆಸಿ ಎಲ್ಲ ಸದಸ್ಯರಿಗೂ ಹಂಚಿ. ‘ನಮ್ಮ ಸೈಟಿನಲ್ಲಿ ನಿಮ್ಮನ್ನು ಯಾರೂ ಹಿಂಬಾಲಿಸುವುದಿಲ್ಲ’ ಎಂದು ಮೊದಲ ಪುಟದಲ್ಲಿ ಎದೆತಟ್ಟಿ ಬರೆಯುವ ಮೊದಲ ಜಿಲ್ಲೆ ಇದಾಗಲಿ. 2027ರ ಮೇ ತಿಂಗಳು ಬಂದು ಕಾನೂನು ಬಾಗಿಲು ತಟ್ಟುವ ಮೊದಲೇ ಅದು ಆಗಲಿ. ಆಗ ಅದು ನಮ್ಮ ಮಾತಾಗಿರುತ್ತದೆ, ಆಮೇಲಾದರೆ ಸರ್ಕಾರದ ಮಾತು.

ನಿಮ್ಮ ಮನೆಗೆ ಬಂದವರು ಊಟದ ಹೊತ್ತಿನಲ್ಲಿ ಎದುರಿಗೇ ಕೂತು, "ನಾನು ನಿಮ್ಮ ಸೈಟು ನೋಡಿದಾಗ ನನ್ನ ಬಗ್ಗೆ ಏನೇನು ತಗೊಂಡ್ರಿ, ಯಾರಿಗೆ ಕೊಟ್ರಿ?" ಎಂದು ಕೇಳಿದರೆ ತಡವರಿಸದೆ ಉತ್ತರ ಕೊಡಲು ಆಗಬೇಕು. ಯಾವ ಟ್ಯಾಗಿನ ಬಗ್ಗೆ ಹಾಗೆ ಉತ್ತರಿಸಲಾರಿರೋ ಅದು ನಿಮ್ಮ ಪುಟದಲ್ಲಿ ಇರಕೂಡದು. ಇವತ್ತು ರಾತ್ರಿಯೊಳಗೆ ಅಂಥದ್ದೊಂದನ್ನಾದರೂ ಹುಡುಕಿ ತೆಗೆಯಿರಿ. ನಾಳೆ ಪಕ್ಕದ ತೋಟದವರಿಗೆ ಫೋನ್ ಮಾಡಿ, ತೆಗೆಯುವುದು ಹೇಗೆಂದು ಹೇಳಿಕೊಡಿ.